ಮೊಣಕಾಲಿಗೆ 3 ಟೆಸ್ಲಾ ಎಂಆರ್‌ಐಯೇ ಬೇಕೆ?

ಪ್ರಶ್ನೆ: ನನಗೆ 47 ವರ್ಷ. ಹೊಲದ ಬದು ಇಳಿಯುವಾಗ ಬಲಗಾಲು ತಿರುಚಿ, ಮೊಣಕಾಲಿನ ಒಳಮಗ್ಗುಲಲ್ಲಿ ನೋವು. ಕುಕ್ಕರಗಾಲಲ್ಲಿ ಕೂರಲು ಆಗುತ್ತಿಲ್ಲ. ಮೆನಿಸ್ಕಸ್ (ಮೊಣಕಾಲಿನ ಮೂಳೆಗಳ ನಡುವಿನ ಮೆತ್ತೆ) ಹರಿದಿರಬಹುದು, ಎಂಆರ್‌ಐ ಮಾಡಿಸಿ ಎಂದಿದ್ದಾರೆ ಡಾಕ್ಟರು. ಹತ್ತಿರದ ಸೆಂಟರಿನಲ್ಲಿರುವುದು 1.5 ಟೆಸ್ಲಾ ಮೆಷಿನ್. ದುಡ್ಡು ಹೆಚ್ಚಾದರೂ ಹುಬ್ಬಳ್ಳಿಗೆ ಹೋಗಿ 3 ಟೆಸ್ಲಾದಲ್ಲೇ ಮಾಡಿಸು, ಇಂಜೆಕ್ಷನ್ ಕೊಟ್ಟು ಮಾಡಿದರೆ ಇನ್ನೂ ಒಳ್ಳೆಯದು ಎನ್ನುತ್ತಾನೆ ತಮ್ಮ. ಏನು ಮಾಡಲಿ?
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಹತ್ತಿರದಲ್ಲೇ ಮಾಡಿಸಿ. ಟೆಸ್ಲಾ ಎಂದರೆ ಮೆಷಿನ್ನಿನ ಅಯಸ್ಕಾಂತದ ಬಲದ ಅಳತೆ. 3 ಟೆಸ್ಲಾ ಚಿತ್ರ ಹೆಚ್ಚು ನಿಚ್ಚಳವಾಗಿರುತ್ತದೆ, ಮೂಳೆ ತುದಿ ಹೊದ್ದಿರುವ ಮೃದ್ವಸ್ಥಿಯ ಸಣ್ಣ ಸವೆತ ನೋಡಲು ಅನುಕೂಲ. ಮೆನಿಸ್ಕಸ್ ಹರಿದಿದೆಯೇ ಎಂದು ಹೇಳುವುದರಲ್ಲಿ ಮಾತ್ರ ಎರಡಕ್ಕೂ ದೊಡ್ಡ ಅಂತರ ಕಂಡುಬಂದಿಲ್ಲ.

ದಿನವೂ ಇಂಥ ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್ ನಾನು. ಮೊಣಕಾಲಿಗೆಂದೇ ಇರುವ ಕಾಯಿಲ್ (ಸಿಗ್ನಲ್ ಹಿಡಿಯುವ ಸುರುಳಿ) ಹಾಕಿದ್ದಾರೆಯೇ, ಒಂದೊಂದು ಸ್ಲೈಸ್‌ನ (ಪದರದ) ದಪ್ಪ 3 ಮಿಲಿಮೀಟರಿನ ಆಸುಪಾಸಿನಲ್ಲಿದೆಯೇ, ಪ್ರೋಟಾನ್ ಡೆನ್ಸಿಟಿ ಸೀಕ್ವೆನ್ಸ್ (ಎಂಆರ್‌ಐ ಚಿತ್ರದ ಒಂದು ಬಗೆ) ತೆಗೆದಿದ್ದಾರೆಯೇ ಎಂಬುದನ್ನು ಮೊದಲು ನೋಡುತ್ತೇನೆ. ಕೊಬ್ಬಿನ ಬಿಳುಪು ಅಡಗಿಸಿದ ಪ್ರೋಟಾನ್ ಡೆನ್ಸಿಟಿ ಚಿತ್ರದಲ್ಲಿ ಮೆನಿಸ್ಕಸ್ ಕಪ್ಪು ತ್ರಿಕೋನವಾಗಿ ಕಾಣುತ್ತದೆ, ಹರಿದಲ್ಲಿ ಬಿಳಿ ಗೆರೆ ಏಳುತ್ತದೆ. ಟಿ2 ಎಂಬ ಇನ್ನೊಂದು ಬಗೆಯ ಚಿತ್ರ ಒಂದನ್ನೇ ನೆಚ್ಚಿದರೆ ಸಣ್ಣದಾಗಿ ಹರಿದ ಜಾಗಗಳು ಕಣ್ತಪ್ಪುತ್ತವೆ.

ಇನ್ನು ರಿಪೋರ್ಟು. ಅದರಲ್ಲಿ ‘ಗ್ರೇಡ್ 2 ಸಿಗ್ನಲ್’ ಎಂದಿದ್ದರೆ ದಯವಿಟ್ಟು ಗಾಬರಿಯಾಗಬೇಡಿ. ಬಿಳಿ ಗೆರೆ ಮೆನಿಸ್ಕಸ್‌ನ ಒಳಗೇ ಉಳಿದಿದೆ, ಮೇಲ್ಮೈ ಮುಟ್ಟಿಲ್ಲ ಎಂದಷ್ಟೇ ಅದರರ್ಥ. ವಯಸ್ಸಿನ ಸವೆತಕ್ಕೂ ಹಾಗೆ ಕಾಣುತ್ತದೆ. ಗೆರೆ ಮೇಲ್ಮೈ ಮುಟ್ಟಿದರೆ ಗ್ರೇಡ್ 3, ಅಂದರೆ ಟೇರ್ (ಹರಿದಿದೆ). ಅದೂ ಎರಡು ಸ್ಲೈಸ್‌ಗಳಲ್ಲಿ ಕಂಡರೆ ಧೈರ್ಯವಾಗಿ ಬರೆಯುತ್ತೇವೆ; ಒಂದರಲ್ಲೇ ಕಂಡರೆ ‘ಇರಬಹುದು’ ಎನ್ನುತ್ತೇವೆ. ಗ್ರೇಡ್ 2 ಎಂಬ ಸಾಲು ಹಿಡಿದುಕೊಂಡು ಆಪರೇಷನ್ನಿಗೆ ಅಣಿಯಾಗಿ ಬರುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಟೇರ್ ಇದ್ದರೂ ನೋವಿಗೆ ಅದೇ ಕಾರಣ ಎನ್ನಲಾಗದು. ಅಮೆರಿಕದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50ರಿಂದ 90 ವಯಸ್ಸಿನ 991 ಜನರ ಮೊಣಕಾಲಿಗೆ ಎಂಆರ್‌ಐ ಮಾಡಿ 2008ರಲ್ಲಿ ಪ್ರಕಟಿಸಿದ ಅಧ್ಯಯನವಿದೆ. ಮೆನಿಸ್ಕಸ್ ಹರಿದಿದ್ದವರಲ್ಲಿ ಶೇ. 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಆ ಕಾಲಿನಲ್ಲಿ ನೋವೇ ಇರಲಿಲ್ಲ! ಹಾಗಾಗಿ ಸಿ.ಡಿ. ಮತ್ತು ರಿಪೋರ್ಟು ಎರಡನ್ನೂ ನಿಮ್ಮ ಡಾಕ್ಟರಿಗೇ ತೋರಿಸಿ. ಕಾಲು ಮುಟ್ಟಿ ನೋಡಿದವರು ಅವರು.

ಇಂಜೆಕ್ಷನ್ ನಿಮಗೆ ಬೇಡ. ಕೀಲಿನೊಳಗೆ ಕಾಂಟ್ರಾಸ್ಟ್ (ಚಿತ್ರದಲ್ಲಿ ಎದ್ದು ಕಾಣುವ ದ್ರವ) ತುಂಬಿ ಮಾಡುವ ಆರ್ಥ್ರೋಗ್ರಾಂ ಉಪಯೋಗಕ್ಕೆ ಬರುವುದು ಮುಖ್ಯವಾಗಿ ಮೊದಲೇ ಮೆನಿಸ್ಕಸ್‌ಗೆ ಹೊಲಿಗೆ ಹಾಕಿಸಿಕೊಂಡವರಿಗೆ. ಅವರಲ್ಲಿ ಗಾಯ ಮಾಯ್ದ ಮೇಲೂ ಬಿಳಿ ಗೆರೆ ಉಳಿಯಬಹುದು, ಹೊಸದಾಗಿ ಹರಿದಿದೆಯೇ ಎಂದು ಗುರುತಿಸುವುದು ಕಷ್ಟ.

ಮೊಣಕಾಲು ಮಡಚಿದಲ್ಲೇ ಸಿಕ್ಕಿಕೊಂಡು ನೇರವಾಗದಿದ್ದರೆ ಸ್ಕ್ಯಾನಿನ ಸರದಿಗಾಗಿ ಕಾಯಬೇಡಿ, ಅವತ್ತೇ ಮೂಳೆ ಡಾಕ್ಟರನ್ನು ಕಾಣಿ.