ಡ್ರಾವೆ ಸಿಂಡ್ರೋಮ್ ಇರುವ ಮಗುವಿಗೆ ಕಾರ್ಬಮಜೆಪಿನ್ ಏಕೆ ನಿಲ್ಲಿಸುತ್ತಾರೆ?

ಹದಿನಾಲ್ಕು ತಿಂಗಳ ನಿಮ್ಮ ಮಗಳಿಗೆ ಡ್ರಾವೆ ಸಿಂಡ್ರೋಮ್ (ಎಳೆವಯಸ್ಸಿನಲ್ಲೇ ಶುರುವಾಗುವ ತೀವ್ರ ಮೂರ್ಛೆರೋಗ) ಇದೆಯೆಂದು ಜೀನ್ ಪರೀಕ್ಷೆಯಲ್ಲಿ ತಿಳಿದ ಮೇಲೆ ವೈದ್ಯರು ಕಾರ್ಬಮಜೆಪಿನ್ ಸಿರಪ್ ಬಿಡಿಸಿ ವಾಲ್ಪ್ರೊಯೇಟ್ ಮತ್ತು ಕ್ಲೋಬಜಾಮ್ ಕೊಟ್ಟಿದ್ದೇಕೆ, ಇದರಿಂದ ಫಿಟ್ಸ್ ಪೂರ್ತಿ ನಿಲ್ಲುತ್ತದೆಯೇ ಎಂದು ಕೇಳಿದ್ದೀರಿ. ನಾನು ವೈದ್ಯನಲ್ಲ, ಇದೇ ಕಾಯಿಲೆಯಿರುವ ಒಂಬತ್ತು ವರ್ಷದ ಹುಡುಗನ ತಂದೆ.

ಈ ಮಕ್ಕಳಲ್ಲಿ ಬಹುತೇಕರಿಗೆ ಎಸ್‌ಸಿಎನ್1ಎ ಎಂಬ ಜೀನಿನಲ್ಲಿ ದೋಷವಿರುತ್ತದೆ. ಅದು ಸಾಮಾನ್ಯವಾಗಿ ತಂದೆತಾಯಿಯಿಂದ ಬಂದದ್ದಲ್ಲ, ಮಗುವಿನಲ್ಲೇ ಹೊಸದಾಗಿ ಉಂಟಾದದ್ದು. ಆದ್ದರಿಂದ ನಿಮ್ಮನ್ನು ನೀವು ದೂಷಿಸಿಕೊಳ್ಳಬೇಡಿ. ನರಕೋಶದೊಳಕ್ಕೆ ಸೋಡಿಯಂ ಹಾದುಹೋಗುವ ದ್ವಾರವೊಂದನ್ನು ರೂಪಿಸುವುದು ಈ ಜೀನಿನ ಕೆಲಸ, ಮತ್ತು ಆ ದ್ವಾರವನ್ನು ಹೆಚ್ಚಾಗಿ ನೆಚ್ಚಿಕೊಂಡಿರುವುದು ಮಿದುಳಿನ ಉದ್ರೇಕವನ್ನು ಹತೋಟಿಯಲ್ಲಿಡುವ ಕೋಶಗಳು. ಕಾರ್ಬಮಜೆಪಿನ್, ಆಕ್ಸ್‌ಕಾರ್ಬಜೆಪಿನ್, ಫೆನಿಟಾಯಿನ್, ಲ್ಯಾಮೋಟ್ರಿಜಿನ್ ಇವೆಲ್ಲ ಸೋಡಿಯಂ ದ್ವಾರವನ್ನು ತಡೆದೇ ಫಿಟ್ಸ್ ನಿಲ್ಲಿಸುವ ಔಷಧಿಗಳಾದ್ದರಿಂದ, ಬೇರೆ ಮಕ್ಕಳಿಗೆ ಉಪಕಾರಿಯಾದರೂ ಇಲ್ಲಿ ಮೊದಲೇ ಸೊರಗಿದ ಆ ಕೋಶಗಳನ್ನು ಇನ್ನಷ್ಟು ಕುಗ್ಗಿಸಿ ಫಿಟ್ಸ್ ಹೆಚ್ಚಿಸಬಲ್ಲವು. ಕಾಯಿಲೆ ಗೊತ್ತಾಗುವ ಮೊದಲು ನಮ್ಮ ಮಗನಿಗೂ ಕಾರ್ಬಮಜೆಪಿನ್ ಕೊಡುತ್ತಿದ್ದೆವು. ಡೋಸ್ ಏರಿಸಿದಷ್ಟೂ ಫಿಟ್ಸ್ ಹೆಚ್ಚಾದಾಗ ಕಾಯಿಲೆಯೇ ಉಲ್ಬಣಿಸುತ್ತಿದೆ ಎಂದುಕೊಂಡು ಮತ್ತಷ್ಟು ಏರಿಸಲು ಒಪ್ಪಿದ್ದೆವು. ಆ ತಿಂಗಳುಗಳನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ವಾಲ್ಪ್ರೊಯೇಟ್ ಮತ್ತು ಕ್ಲೋಬಜಾಮ್ ಈ ಕಾಯಿಲೆಗೆ ಮೊದಲು ಆರಿಸುವ ಔಷಧಿಗಳು. ಎರಡು ವರ್ಷದೊಳಗಿನ ಮಕ್ಕಳಲ್ಲಿ ವಾಲ್ಪ್ರೊಯೇಟ್ ಯಕೃತ್ತಿಗೆ ತೊಂದರೆ ಮಾಡುವ ಸಂಭವ ಹೆಚ್ಚು. ರಕ್ತಪರೀಕ್ಷೆ ತಪ್ಪಿಸಬೇಡಿ, ಬಿಡದೆ ವಾಂತಿಯಾದರೆ ಅಥವಾ ಮಗು ಮಂಕಾದರೆ ತಡಮಾಡದೆ ತೋರಿಸಿ. ಇವೆರಡೂ ಸಾಲದಿದ್ದಾಗ ಸ್ಟಿರಿಪೆಂಟಾಲ್ ಸೇರಿಸುವುದುಂಟು. ಅದು ಕ್ಲೋಬಜಾಮಿನ ಅಂಶವನ್ನು ರಕ್ತದಲ್ಲಿ ಏರಿಸುವುದರಿಂದ ತೂಕಡಿಕೆ ಹೆಚ್ಚಾಗಿ, ಕ್ಲೋಬಜಾಮ್ ಕಡಿಮೆ ಮಾಡಬೇಕಾಗಬಹುದು. ಅಮೆರಿಕದಲ್ಲಿ ಡ್ರಾವೆಗೆಂದು ಕ್ಯಾನಬಿಡಿಯಾಲ್ 2018ರಲ್ಲಿ, ಫೆನ್‌ಫ್ಲುರಮಿನ್ 2020ರಲ್ಲಿ ಅನುಮತಿ ಪಡೆದವು. ಎರಡನೆಯದು ಹಿಂದೆ ತೂಕ ಇಳಿಸಲು ಬಳಕೆಯಲ್ಲಿದ್ದು, ಹೃದಯದ ಕವಾಟಗಳಿಗೆ ಹಾನಿ ಕಂಡುಬಂದು 1997ರಲ್ಲಿ ಮಾರುಕಟ್ಟೆಯಿಂದ ಹೊರಬಿದ್ದ ಔಷಧಿ. ಹಾಗಾಗಿ ಅದನ್ನು ಕೊಡುವಾಗ ಎಕೋ (ಹೃದಯದ ಸ್ಕ್ಯಾನ್) ಪರೀಕ್ಷೆ ಕಡ್ಡಾಯ.

ಪೂರ್ತಿ ನಿಲ್ಲುವುದೇ? ಅಪರೂಪ. ದೀರ್ಘ ಫಿಟ್ಸ್ ತಪ್ಪಿಸುವುದೇ ನಾವು ಇಟ್ಟುಕೊಂಡ ಗುರಿ. ಔಷಧಿಯಷ್ಟೇ ಮುಖ್ಯವಾದದ್ದು ಜ್ವರವನ್ನು ಬೇಗ ಇಳಿಸುವುದು. ನಮ್ಮ ಮನೆಗಳಲ್ಲಿ ರೂಢಿಯಲ್ಲಿರುವ ಹಾಗೆ ಎಣ್ಣೆ ಹಚ್ಚಿ ಹಂಡೆಯ ಸುಡುನೀರು ಹೊಯ್ಯುವುದು ಈ ಮಕ್ಕಳಿಗೆ ಸಲ್ಲದು, ಏಕೆಂದರೆ ಮೈ ಬಿಸಿಯಾದರೇ ಫಿಟ್ಸ್ ಬರಬಹುದು. ಉಗುರುಬೆಚ್ಚಗಿನ ನೀರು ಸಾಕು. ಯಾವ ಔಷಧಿಯನ್ನೂ ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ.

ಐದು ನಿಮಿಷ ದಾಟಿದ ಫಿಟ್ಸ್‌ಗೆ ಮೂಗಿಗೆ ಹೊಡೆಯುವ ಮಿಡಜೋಲಾಮ್ ಸ್ಪ್ರೇಯನ್ನು ಬರೆಸಿಕೊಂಡು, ಎಷ್ಟು ಹೊಡೆಯಬೇಕೆಂದು ಅಜ್ಜಿ ತಾತಂದಿರಿಗೂ ಕಲಿಸಿಡಿ. ತುರ್ತು ಚಿಕಿತ್ಸೆಯಲ್ಲಿ ಫೆನಿಟಾಯಿನ್ ಇಂಜೆಕ್ಷನ್ ಸಾಮಾನ್ಯವಾದ್ದರಿಂದ, ಕಾಯಿಲೆಯ ಹೆಸರು ಮತ್ತು ಕೊಡಬಾರದ ಔಷಧಿಗಳ ಪಟ್ಟಿಯಿರುವ ಒಂದು ಚೀಟಿಗೆ ನಿಮ್ಮ ನರರೋಗ ತಜ್ಞರಿಂದ ಸಹಿ ಹಾಕಿಸಿ, ಮಗುವಿನ ಬ್ಯಾಗಿನಲ್ಲಿ ಆ ಸ್ಪ್ರೇ ಜೊತೆಗೇ ಇಡಿ.