ಕಬ್ಬಿನ ಬಿಲ್ಲಿನಲ್ಲಿರುವ ಗಣಿತ: ಕ್ವಾಂಟ್ ಫೈನಾನ್ಸ್ ಎಂಎಸ್ಸಿ ಓದಬೇಕಾ?

ಪ್ರಶ್ನೆ: ನಾನು ಮಂಡ್ಯದಲ್ಲಿ ಬಿಎಸ್ಸಿ ಅಂತಿಮ ವರ್ಷ ಓದುತ್ತಿದ್ದೇನೆ. ಗಣಿತ ಮತ್ತು ಸಂಖ್ಯಾಶಾಸ್ತ್ರ ನನ್ನ ವಿಷಯಗಳು. ಮನೆಯಲ್ಲಿ ಮೂರು ಎಕರೆ ಕಬ್ಬು. ‘ಕ್ವಾಂಟಿಟೇಟಿವ್ ಫೈನಾನ್ಸ್ ಅಂಡ್ ಇನ್ವೆಸ್ಟ್‌ಮೆಂಟ್ ಅನಾಲಿಸಿಸ್’ ಅನ್ನುವ ಎಂಎಸ್ಸಿ ಮಾಡುವ ಆಸೆ. ಅಪ್ಪ ‘ಷೇರು ಮಾರ್ಕೆಟ್ ಕಲಿಯೋಕೂ ಡಿಗ್ರಿ ಬೇಕಾ?’ ಅಂತಾರೆ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ ಸರ್?
– ವಿದ್ಯಾರ್ಥಿನಿ, ಮಂಡ್ಯ

ಉತ್ತರ: ನಿಮ್ಮ ತಂದೆಗೆ ಈ ಓದು ಏನು ಅಂತ ಹೇಳಲು ಷೇರಿನ ಮಾತೇ ಬೇಡ. ಕಬ್ಬಿನ ಬಿಲ್ಲು ಸಾಕು.

2025–26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ಕಬ್ಬಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ. ಇದು ಸಕ್ಕರೆ ಇಳುವರಿ, ಅಂದರೆ ನಿಮ್ಮ ಕಡೆಯವರು ರಿಕವರಿ ಅನ್ನುತ್ತಾರಲ್ಲ, ಅದು ಶೇ 10.25 ಇದ್ದಾಗಿನ ದರ. ಇಳುವರಿ 0.1 ಏರಿದರೆ 3.46 ರೂಪಾಯಿ ಜಾಸ್ತಿ. ಇಳಿದರೆ ಅಷ್ಟೇ ಕಡಿತ. ಆದರೆ ಕೆಳಗಡೆ ಒಂದು ತಡೆ ಇದೆ. ಕಾರ್ಖಾನೆಯ ಇಳುವರಿ 9.5ಕ್ಕಿಂತ ಎಷ್ಟೇ ಕೆಳಗೆ ಹೋದರೂ ರೈತರಿಗೆ 329.05 ರೂಪಾಯಿಗಿಂತ ಕಡಿಮೆ ಕೊಡುವಂತಿಲ್ಲ.

ಈಗ ಎರಡು ಕಾರ್ಖಾನೆ ಇವೆ ಅಂದುಕೊಳ್ಳಿ. ಮೊದಲನೆಯದರ ಇಳುವರಿ ಪ್ರತಿ ವರ್ಷ ಸರಿಯಾಗಿ 9.5. ಎರಡನೆಯದರದು ಒಂದು ವರ್ಷ 8.5, ಮರುವರ್ಷ 10.5. ಸರಾಸರಿ ಎರಡರದೂ ಒಂದೇ. ದುಡ್ಡು ಒಂದೇ ಬರುತ್ತಾ? ಮೊದಲ ಕಾರ್ಖಾನೆಗೆ ಕಬ್ಬು ಕೊಟ್ಟ ರೈತರಿಗೆ ಪ್ರತಿ ವರ್ಷ 329.05. ಎರಡನೆಯದಕ್ಕೆ ಕೊಟ್ಟವರಿಗೆ ಒಂದು ವರ್ಷ 329.05, ಇನ್ನೊಂದು ವರ್ಷ 363.65. ಸರಾಸರಿ 346.35. ಕ್ವಿಂಟಲ್‌ಗೆ 17.30 ರೂಪಾಯಿ ಹೆಚ್ಚು. ಎಕರೆಗೆ 40 ಟನ್ ಅಂತ ಹಿಡಿದರೆ 6,920 ರೂಪಾಯಿ. ಕಬ್ಬು ಚೆನ್ನಾಗಿ ಬಂದದ್ದಕ್ಕೆ ಸಿಕ್ಕ ದುಡ್ಡಲ್ಲ ಇದು. ಇಳುವರಿ ಏರಿಳಿಯಿತು, ಕೆಳಗೆ ಬೀಳದಂತೆ ತಡೆ ಇತ್ತು, ಅದಕ್ಕೆ ಸಿಕ್ಕಿದ್ದು. ಕೊಟ್ಟವರು ಯಾರು? ಕಾರ್ಖಾನೆ. ಇಳುವರಿ 8.5 ಇದ್ದ ವರ್ಷದ ನಷ್ಟ ಅವರ ಲೆಕ್ಕಕ್ಕೆ ಹೋಯಿತು.

ಇಂಥ ಏರ್ಪಾಡಿಗೆ ಮಾರುಕಟ್ಟೆಯಲ್ಲಿ ಆಪ್ಷನ್ ಅನ್ನುತ್ತಾರೆ. ಇದಕ್ಕೆ ನ್ಯಾಯವಾದ ಬೆಲೆ ಎಷ್ಟು ಅನ್ನುವುದು ಹಳೆಯ ಪ್ರಶ್ನೆ. ಪ್ಯಾರಿಸ್‌ನಲ್ಲಿ ಲೂಯಿ ಬಶೆಲಿಯೇ 1900ರಲ್ಲೇ ಇದರ ಮೇಲೆ ಪಿಎಚ್‌ಡಿ ಪ್ರಬಂಧ ಬರೆದರು. ಜಪಾನಿನ ಗಣಿತಜ್ಞ ಇಟೊ 1944ರಲ್ಲಿ ಅಡ್ಡಾದಿಡ್ಡಿ ಓಡಾಡುವ ಸಂಖ್ಯೆಗಳಿಗೂ ಕ್ಯಾಲ್ಕುಲಸ್ ಮಾಡುವ ದಾರಿ ತೋರಿಸಿದರು. ಆ ಗಣಿತದ ಬಲದಿಂದ 1973ರಲ್ಲಿ ಬ್ಲ್ಯಾಕ್ ಮತ್ತು ಶೋಲ್ಸ್ ಅವರ ಸೂತ್ರ ಬಂತು. ನೀವು ಓದಬೇಕೆಂದಿರುವ ಕೋರ್ಸಿನ ಅರ್ಧ ಭಾಗ ಇದೇ. ಏರಿಳಿತಕ್ಕೆ ಬೆಲೆ ಕಟ್ಟುವ ವಿದ್ಯೆ. ನಾಳೆ ಯಾವ ಷೇರು ಏರುತ್ತದೆ ಅಂತ ಅಲ್ಲಿ ಯಾರೂ ಹೇಳಿಕೊಡುವುದಿಲ್ಲ.

ಇನ್ನರ್ಧ ಇನ್ವೆಸ್ಟ್‌ಮೆಂಟ್ ಅನಾಲಿಸಿಸ್. ಕಂಪನಿಯ ಬ್ಯಾಲೆನ್ಸ್ ಶೀಟ್ ಓದುವುದು, ಬಾಂಡ್‌ಗೆ ಬೆಲೆ ಕಟ್ಟುವುದು, ದುಡ್ಡನ್ನು ಎಲ್ಲೆಲ್ಲಿ ಎಷ್ಟೆಷ್ಟು ಹಂಚಬೇಕು ಅಂತ ತೀರ್ಮಾನ ಮಾಡುವುದು. ಹಂಚುವ ಲೆಕ್ಕವನ್ನು 1952ರಲ್ಲಿ ಹ್ಯಾರಿ ಮಾರ್ಕೊವಿಟ್ಜ್ ಗಣಿತವಾಗಿ ಬರೆದರು. ಇದೂ ನಿಮ್ಮ ತಂದೆಗೆ ಗೊತ್ತಿರುವ ವಿಷಯವೇ. ಕಬ್ಬಿನ ಜೊತೆ ಭತ್ತವನ್ನೂ ಹಾಕಿದರೆ ಎರಡು ಬೆಳೆಯಾಯಿತು, ಭಯ ಕಡಿಮೆ ಅನ್ನಿಸುತ್ತದೆ. ಆದರೆ ಕನ್ನಂಬಾಡಿ ಕಟ್ಟೆ ತುಂಬದ ವರ್ಷ ನಾಲೆಗೆ ನೀರಿಲ್ಲದೆ ಎರಡೂ ಒಟ್ಟಿಗೆ ಒಣಗುತ್ತವೆ. ಹೊಲದಲ್ಲಿ ಎಷ್ಟು ಬೆಳೆ ಇದೆ ಅನ್ನುವುದಕ್ಕಿಂತ ಅವು ಒಟ್ಟಿಗೆ ಬೀಳುತ್ತವಾ, ಬೇರೆ ಬೇರೆ ಬೀಳುತ್ತವಾ ಅನ್ನುವುದು ಮುಖ್ಯ. ಸಂಖ್ಯಾಶಾಸ್ತ್ರದಲ್ಲಿ ನೀವು ಕೋವೇರಿಯನ್ಸ್ ಅಂತ ಓದಿದ್ದು ಇದನ್ನೇ.

ನಿಮ್ಮ ಬಿಎಸ್ಸಿ ಇದಕ್ಕೆ ಒಳ್ಳೆಯ ಅಡಿಪಾಯ. ಆದರೆ ಅರ್ಜಿ ಹಾಕುವ ಮೊದಲು ಒಂದು ಪರೀಕ್ಷೆ ಮಾಡಿಕೊಳ್ಳಿ. ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ (ಎನ್‌ಎಸ್‌ಇ) ಪ್ರತಿ ವಹಿವಾಟಿನ ದಿನದ ಬೆಲೆಗಳನ್ನು ಭಾವ್‌ಕಾಪಿ ಎಂಬ ಫೈಲಿನಲ್ಲಿ ಉಚಿತವಾಗಿ ಕೊಡುತ್ತದೆ. ಪೈಥಾನ್‌ನಲ್ಲಿ ಅದನ್ನು ತೆರೆದು ಒಂದು ಸಣ್ಣ ಪ್ರಶ್ನೆ ಹಾಕಿ: ನಿಫ್ಟಿ 50ರ, ಅಂದರೆ ಎನ್‌ಎಸ್‌ಇಯ 50 ದೊಡ್ಡ ಕಂಪನಿಗಳ ಪಟ್ಟಿಯ, ಎಲ್ಲ ಷೇರಿಗೂ 2007ರಿಂದ ಸಮನಾಗಿ ದುಡ್ಡು ಹಾಕಿದ್ದರೆ ಏನಾಗುತ್ತಿತ್ತು? ಹೆಚ್ಚಿನವರು ಇವತ್ತಿನ 50 ಕಂಪನಿಗಳ ಪಟ್ಟಿ ಹಿಡಿದು ಹಿಂದಕ್ಕೆ ಹೋಗುತ್ತಾರೆ. ಲಾಭ ಭರ್ಜರಿಯಾಗಿ ಕಾಣುತ್ತದೆ. ತಪ್ಪು ಅಲ್ಲೇ ಇದೆ. ಆ ಪಟ್ಟಿ ವರ್ಷಕ್ಕೆ ಎರಡು ಸಲ ಪರಿಶೀಲನೆಗೆ ಬರುತ್ತದೆ. ಸತ್ಯಂ ಒಂದು ಕಾಲಕ್ಕೆ ಅದರಲ್ಲಿತ್ತು, 2009ರ ಜನವರಿಯಲ್ಲಿ ಹೊರಬಿತ್ತು. ಯೆಸ್ ಬ್ಯಾಂಕ್ 2020ರ ಮಾರ್ಚ್‌ನಲ್ಲಿ ಹೊರಬಿತ್ತು. ಇವತ್ತಿನ ಪಟ್ಟಿಯಲ್ಲಿ ಬಿದ್ದವರು ಇರುವುದೇ ಇಲ್ಲ. ಆಗಿನ ಪಟ್ಟಿ ಹುಡುಕಿ ಲೆಕ್ಕ ಮತ್ತೆ ಮಾಡಿ. ಈ ಕೆಲಸ ಮಾಡುವಾಗ ಹೊತ್ತು ಹೋದದ್ದೇ ಗೊತ್ತಾಗಲಿಲ್ಲವಾ? ಹಾಗಿದ್ದರೆ ಈ ಓದು ನಿಮ್ಮದು. ಎರಡನೇ ದಿನಕ್ಕೇ ಬೇಜಾರಾಯಿತಾ? ಅದನ್ನೂ ಲಕ್ಷಗಟ್ಟಲೆ ಕಟ್ಟುವ ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು.

ಒಂದು ಮಾತು ಒತ್ತಿ ಹೇಳುತ್ತೇನೆ. ಕೋರ್ಸಿನ ಹೆಸರಲ್ಲಿ ‘ಫೈನಾನ್ಸ್’ ಇರಲೇಬೇಕು ಅಂತ ಹಟ ಬೇಡ. ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಎಂ.ಸ್ಟಾಟ್ ಮತ್ತು ಕ್ವಾಂಟಿಟೇಟಿವ್ ಎಕನಾಮಿಕ್ಸ್ ಎಂಎಸ್ ಕೋರ್ಸುಗಳಿಗೆ ಟ್ಯೂಷನ್ ಫೀಸಿಲ್ಲ. ಮೇಲೆ ಸ್ಟೈಪೆಂಡ್ ಕೊಡುತ್ತಾರೆ. ಪ್ರವೇಶ ಪರೀಕ್ಷೆ ಕಷ್ಟ, ನಿಜ. ಆದರೆ ಅಂಕಿಗಳ ಲೋಕದಲ್ಲಿ ದೊಡ್ಡ ಹೆಸರಾದ ಸಿ.ಆರ್. ರಾವ್ ಹುಟ್ಟಿದ್ದು ನಮ್ಮ ಹಡಗಲಿಯಲ್ಲಿ, ದಶಕಗಟ್ಟಲೆ ಕೆಲಸ ಮಾಡಿದ್ದು ಅದೇ ಸಂಸ್ಥೆಯಲ್ಲಿ. ಐಐಟಿಗಳ ಎಂಎಸ್ಸಿ ಸಂಖ್ಯಾಶಾಸ್ತ್ರಕ್ಕೆ ಜಾಮ್ ಪರೀಕ್ಷೆ ಇದೆ. ಮಾನಸಗಂಗೋತ್ರಿಯ ಸಂಖ್ಯಾಶಾಸ್ತ್ರ ವಿಭಾಗ ನಿಮ್ಮ ಮನೆಯಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರ. ಸಂಭವನೀಯತೆ ಗಟ್ಟಿಯಾಗಿ ಕಲಿತವರು ಫೈನಾನ್ಸನ್ನು ಆಮೇಲೆ ಕಲಿಯಬಹುದು. ಉಲ್ಟಾ ದಾರಿ ತುಂಬಾ ಕಷ್ಟ.

ಪ್ರಶ್ನೆ: ನಾನು ಮೈಸೂರಿನಲ್ಲಿ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದೇನೆ. ಮೂರು ತಿಂಗಳಿಂದ ಆಪ್ಷನ್ ಟ್ರೇಡಿಂಗ್ ಮಾಡುತ್ತಿದ್ದೇನೆ, ಲಾಭದಲ್ಲಿದ್ದೇನೆ. ಈ ಕೋರ್ಸು ಮಾಡಿದರೆ ಇನ್ನೂ ಜಾಸ್ತಿ ಗಳಿಸಬಹುದಲ್ವಾ?
– ವಿದ್ಯಾರ್ಥಿ, ಮೈಸೂರು

ಉತ್ತರ: ಈ ಕೋರ್ಸಿನ ಮೊದಲ ಸೆಮಿಸ್ಟರಿನಲ್ಲಿ ಕಲಿಸುವ ಒಂದು ಲೆಕ್ಕ ಈಗಲೇ ಕೊಡುತ್ತೇನೆ. ವರ್ಷಕ್ಕೆ ಶೇ 20ರಷ್ಟು ಏರಿಳಿತ ಇರುವ ಹೂಡಿಕೆ ಇದೆ ಅಂದುಕೊಳ್ಳಿ. ಅದರ ನಿಜವಾದ ಸರಾಸರಿ ಗಳಿಕೆ ಎಷ್ಟು ಅಂತ ದಾಖಲೆ ನೋಡಿ ಹೇಳಬೇಕು. ಇದರ ಅಂದಾಜಿನಲ್ಲಿರುವ ಸ್ಟ್ಯಾಂಡರ್ಡ್ ಎರರ್, ಅಂದರೆ ಅಂದಾಜು ಎಷ್ಟು ತಪ್ಪಿರಬಹುದು ಅನ್ನುವ ಅಳತೆ, ತಿಳಿಯಲು 20ನ್ನು ವರ್ಷಗಳ ವರ್ಗಮೂಲದಿಂದ ಭಾಗಿಸಬೇಕು. 25 ವರ್ಷದ ದಾಖಲೆ ಇದ್ದರೂ ಅದು ಶೇ 4. ಮೂರು ತಿಂಗಳ ದಾಖಲೆಗೆ ಶೇ 40. ಅಂದರೆ ಮೂರು ತಿಂಗಳ ಲಾಭ ನಿಮ್ಮ ಜಾಣ್ಮೆ ಬಗ್ಗೆ ಏನೂ ಹೇಳುವುದಿಲ್ಲ. ಆಪ್ಷನ್‌ಗಳ ಏರಿಳಿತ 20ಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ಅಲ್ಲಿ ಈ ಲೆಕ್ಕ ಇನ್ನೂ ಕೆಟ್ಟದು.

ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ವರದಿ ನೋಡಿ. 2021–22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಷನ್‌ನಲ್ಲಿ ವಹಿವಾಟು ಮಾಡಿದ ಸಾಮಾನ್ಯ ಜನರಲ್ಲಿ ಶೇ 93 ಮಂದಿ ನಷ್ಟ ಮಾಡಿಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿ ದಾಟಿದೆ. ಅವರಲ್ಲೂ ಎಷ್ಟೋ ಜನಕ್ಕೆ ಒಳ್ಳೆಯ ಮೂರು ತಿಂಗಳು ಸಿಕ್ಕಿಯೇ ಇರುತ್ತವೆ. ನನಗೆ ನಿಮ್ಮ ಬಗ್ಗೆ ಆತಂಕ ಇದೆ. ಅದಕ್ಕೇ ನೇರವಾಗಿ ಹೇಳುತ್ತಿದ್ದೇನೆ. ಈಗಿರುವ ಲಾಭ ತೆಗೆದುಕೊಂಡು ಖಾತೆ ನಿಲ್ಲಿಸಿ. ಗಣಿತ ಇಷ್ಟವಾಗಿದ್ದರೆ ಓದಲು ಬನ್ನಿ. ಟ್ರೇಡಿಂಗ್‌ಗೆ ಆಯುಧ ಸಿಗುತ್ತದೆ ಅಂತ ಮಾತ್ರ ಬರಬೇಡಿ.

ಪ್ರಶ್ನೆ: ಬಿಕಾಂ ಮುಗಿಸಿ ಮೈಸೂರಿನಲ್ಲಿ ಆಡಿಟರ್ ಆಫೀಸಿನಲ್ಲಿದ್ದೇನೆ. ಪಿಯುಸಿಯಲ್ಲೂ ಗಣಿತ ಇರಲಿಲ್ಲ. ನನಗೆ ಈ ಬಾಗಿಲು ಮುಚ್ಚಿದೆಯಾ?
– ಓದುಗರು, ಕುವೆಂಪುನಗರ

ಉತ್ತರ: ಕ್ವಾಂಟ್ ಬಾಗಿಲು ಸದ್ಯಕ್ಕೆ ಮುಚ್ಚಿದೆ. ಇನ್ವೆಸ್ಟ್‌ಮೆಂಟ್ ಅನಾಲಿಸಿಸ್ ಬಾಗಿಲು ತೆರೆದೇ ಇದೆ. ಅಲ್ಲಿ ನೀವು ಒಂದು ಹೆಜ್ಜೆ ಮುಂದೂ ಇದ್ದೀರಿ. ದಿನವೂ ಲೆಕ್ಕಪತ್ರ ನೋಡುವವರಿಗೆ ಯಾವ ಸಂಖ್ಯೆ ಸುಮ್ನೆ ಚೆಂದಕ್ಕೆ ಕೂರಿಸಿದ್ದು ಅಂತ ಬೇಗ ಗೊತ್ತಾಗುತ್ತದೆ. ಅದನ್ನು ತರಗತಿಯಲ್ಲಿ ಕಲಿಸಲು ಆಗುವುದಿಲ್ಲ.

ನಿಮಗೆ ನಾನು ಸಿಎಫ್‌ಎ ಹೇಳುತ್ತೇನೆ, ಅಂದರೆ ಚಾರ್ಟರ್ಡ್ ಫೈನಾನ್ಷಿಯಲ್ ಅನಲಿಸ್ಟ್. ಮೂರು ಹಂತದ ಪರೀಕ್ಷೆ, ಕೆಲಸ ಮಾಡುತ್ತಲೇ ಬರೆಯಬಹುದು. ಪೂರ್ಣ ಚಾರ್ಟರ್ ಸಿಗಲು ಸಂಬಂಧಪಟ್ಟ ಕೆಲಸದಲ್ಲಿ 4,000 ಗಂಟೆ, ಕನಿಷ್ಠ 36 ತಿಂಗಳ ಅನುಭವವೂ ಬೇಕು. ಮೊದಲ ಹಂತದ ಗಣಿತ ಪಿಯುಸಿ ಮಟ್ಟದ ಬೀಜಗಣಿತ ಮತ್ತು ಸಂಖ್ಯಾಶಾಸ್ತ್ರದ ಆಸುಪಾಸಿನದು. ಬೆಳಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ ಕೂತು ದ್ವಿತೀಯ ಪಿಯು ಗಣಿತದ ಪಠ್ಯಪುಸ್ತಕ ಮುಗಿಸಿ. ಸಂಭವನೀಯತೆಗೆ ಐಐಟಿಗಳ ಆನ್‌ಲೈನ್ ಪಾಠಗಳ ತಾಣ ಎನ್‌ಪಿಟಿಇಎಲ್‌ನಲ್ಲಿ ಉಚಿತ ಪಾಠಗಳಿವೆ. ಆರು ತಿಂಗಳಾದ ಮೇಲೆ ಗಣಿತದ ಮೇಲೆ ಪ್ರೀತಿ ಹುಟ್ಟಿದರೆ ಕ್ವಾಂಟ್ ಬಾಗಿಲನ್ನು ಮತ್ತೆ ತಟ್ಟೋಣ. ನನಗೆ ಬರೆಯಿರಿ.

ಪ್ರಶ್ನೆ: ನನ್ನ ಮಗ ಇಂಗ್ಲೆಂಡಿನಲ್ಲಿ ಒಂದು ವರ್ಷದ ಕ್ವಾಂಟ್ ಫೈನಾನ್ಸ್ ಎಂಎಸ್ಸಿ ಮಾಡುತ್ತೇನೆ ಅಂತಿದ್ದಾನೆ. ಎಲ್ಲ ಸೇರಿ 40 ಲಕ್ಷ ಆಗುತ್ತದಂತೆ. ಎರಡು ಎಕರೆ ಗದ್ದೆ ಅಡ ಇಟ್ಟು ಸಾಲ ತೆಗೆಯೋಣ ಅಂತಿದ್ದೇನೆ. ಸರೀನಾ?
– ರೈತರು, ಮದ್ದೂರು ತಾಲ್ಲೂಕು

ಉತ್ತರ: ಯಜಮಾನರೇ, ಮೊದಲು ಗದ್ದೆಯ ವಿಚಾರ. ಸಾಲ ಬಾಕಿಯಾದರೆ ಬ್ಯಾಂಕು ಕೋರ್ಟಿಗೆ ಹೋಗದೆ ಆಸ್ತಿ ಹಿಡಿಯಲು ಸರ್ಫೇಸಿ ಅಂತ ಕಾಯ್ದೆ ಇದೆ. ಕೃಷಿ ಜಮೀನಿಗೆ ಆ ಕಾಯ್ದೆ ಅನ್ವಯವಾಗುವುದಿಲ್ಲ. ಹಾಗಾಗಿ ಓದಿನ ಸಾಲಕ್ಕೆ ಗದ್ದೆಯನ್ನು ಭದ್ರತೆಯಾಗಿ ಒಪ್ಪಲು ಬ್ಯಾಂಕುಗಳು ಸಾಮಾನ್ಯವಾಗಿ ಹಿಂಜರಿಯುತ್ತವೆ. ಮನೆ, ಸೈಟು ಅಥವಾ ಎಫ್‌ಡಿ ಕೇಳುತ್ತವೆ. ಭದ್ರತೆ ಇಲ್ಲದೆ ಸರ್ಕಾರದ ಗ್ಯಾರಂಟಿ ಯೋಜನೆಯಲ್ಲಿ ಸಿಗುವುದು ಏಳೂವರೆ ಲಕ್ಷದವರೆಗೆ. ಬ್ಯಾಂಕು ಒಪ್ಪಲಿಲ್ಲ ಅಂತ ಖಾಸಗಿ ಬಡ್ಡಿಗೆ ಗದ್ದೆ ಬರೆದುಕೊಡುವ ಯೋಚನೆ ಮಾತ್ರ ಮಾಡಬೇಡಿ. ಕೈಮುಗಿದು ಕೇಳುತ್ತೇನೆ.

ಇನ್ನು ಲೆಕ್ಕ. 40 ಲಕ್ಷಕ್ಕೆ ಶೇ 10 ಬಡ್ಡಿ ಅಂದುಕೊಳ್ಳಿ. ಸಾಮಾನ್ಯವಾಗಿ ಓದಿನ ಅವಧಿ ಮತ್ತು ಆಮೇಲಿನ ಒಂದು ವರ್ಷ ಕಂತು ಕಟ್ಟಬೇಕಾಗಿಲ್ಲ. ಆದರೆ ಬಡ್ಡಿ ಬೆಳೆಯುತ್ತಲೇ ಇರುತ್ತದೆ. ಎರಡು ವರ್ಷಕ್ಕೆ 8 ಲಕ್ಷ. ಆಮೇಲೆ 48 ಲಕ್ಷವನ್ನು ಹತ್ತು ವರ್ಷದಲ್ಲಿ ತೀರಿಸಲು ತಿಂಗಳಿಗೆ ಸುಮಾರು 63,400 ರೂಪಾಯಿ ಕಂತು. ಮಗನಿಗೆ ಅಲ್ಲೇ ಕೆಲಸ ಸಿಕ್ಕರೆ ಇದು ಸಾಧ್ಯ. ಬೆಂಗಳೂರಿಗೆ ವಾಪಸು ಬಂದು ಕೆಲಸ ಶುರು ಮಾಡಿದರೆ ಮೊದಲ ವರ್ಷಗಳು ತುಂಬಾ ಬಿಗಿ. ಬಡ್ಡಿಗೆ ಎಂಟು ವರ್ಷ ಆದಾಯ ತೆರಿಗೆ ವಿನಾಯಿತಿ ಇದೆ, ಅದೂ ಹಳೆಯ ತೆರಿಗೆ ಪದ್ಧತಿಯಲ್ಲಿ ಇರುವವರಿಗೆ ಮಾತ್ರ.

ಅಲ್ಲಿ ಕೆಲಸ ಹುಡುಕಲು ಇರುವ ಸಮಯವೂ ಕಡಿಮೆಯಾಗುತ್ತಿದೆ. ಬ್ರಿಟನ್‌ನಲ್ಲಿ ಓದು ಮುಗಿಸಿದವರಿಗೆ ಎರಡು ವರ್ಷ ಉಳಿಯಲು ಸಿಗುತ್ತಿದ್ದ ವೀಸಾ, 2027ರ ಜನವರಿ 1ರಿಂದ ಅರ್ಜಿ ಹಾಕುವ ಎಂಎಸ್ಸಿ ಪದವೀಧರರಿಗೆ 18 ತಿಂಗಳಿಗೆ ಇಳಿಯುತ್ತದೆ.

ನಾನು ಬ್ಯಾಂಕಿನ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡಿದವನು. ಕಂಡದ್ದನ್ನು ಹೇಳುತ್ತೇನೆ. ಇಂಥ ಡಿಗ್ರಿ ಮಾಡಿದ ಹೆಚ್ಚಿನವರು ಟ್ರೇಡಿಂಗ್ ಕೋಣೆಗೆ ಹೋಗುವುದಿಲ್ಲ. ಸಾಲ, ಬಾಂಡ್, ಡೆರಿವೇಟಿವ್‌ಗಳ ಅಪಾಯ ಅಳೆಯುವ ಕೆಲಸ, ಬೇರೆಯವರು ಮಾಡಿದ ಮಾದರಿಯಲ್ಲಿ ತಪ್ಪು ಹುಡುಕುವ ಕೆಲಸ, ಇವೇ ಹೆಚ್ಚು. ಒಳ್ಳೆಯ ಕೆಲಸಗಳೇ. ಗೋಲ್ಡ್‌ಮನ್ ಸ್ಯಾಕ್ಸ್, ಜೆಪಿ ಮೋರ್ಗನ್‌ನಂಥ ಬ್ಯಾಂಕುಗಳ ದೊಡ್ಡ ಕಚೇರಿಗಳು ಬೆಂಗಳೂರಿನಲ್ಲೇ ಇವೆ. ಅಲ್ಲಿಗೆ ಹೋಗಲು ಇಂಗ್ಲೆಂಡ್ ಸುತ್ತಿಕೊಂಡೇ ಬರಬೇಕಾಗಿಲ್ಲ.

ಹಾಗಂತ ಬೇಡ ಅಂತ ಹೇಳುತ್ತಿಲ್ಲ. ಮಗನ ಹತ್ತಿರ ಎರಡು ಕೆಲಸ ಮಾಡಿಸಿ. ಮೇಲೆ ಹೇಳಿದ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನ ಹಳೆಯ ಪ್ರವೇಶ ಪತ್ರಿಕೆಯೊಂದನ್ನು ಮನೆಯಲ್ಲೇ ಗಡಿಯಾರ ಇಟ್ಟು ಬರೆಯಲಿ. ಆಮೇಲೆ ತಾನು ಸೇರಬೇಕೆಂದಿರುವ ವಿಶ್ವವಿದ್ಯಾಲಯಕ್ಕೆ ಒಂದು ಇಮೇಲ್ ಹಾಕಲಿ: ಹೋದ ವರ್ಷ ಇದೇ ಕೋರ್ಸು ಮುಗಿಸಿದ ಭಾರತೀಯ ವಿದ್ಯಾರ್ಥಿಗಳು ಎಷ್ಟು, ಆರು ತಿಂಗಳೊಳಗೆ ಕೆಲಸ ಸಿಕ್ಕಿದ್ದು ಎಷ್ಟು ಜನಕ್ಕೆ, ಯಾವ ಹುದ್ದೆ? ಏಜೆಂಟ್ ಹೇಳಿದ್ದು ಬೇಡ, ವಿಶ್ವವಿದ್ಯಾಲಯದಿಂದಲೇ ಬರಹದಲ್ಲಿ ಉತ್ತರ ಬರಲಿ. ಅದು ಕೈಗೆ ಬಂದ ಮೇಲೆ ಮನೆ ಪತ್ರ ತಗೊಂಡು ಬ್ಯಾಂಕ್ ಮ್ಯಾನೇಜರ್ ಹತ್ತಿರ ಹೋಗಿ.