ನೈರೋಬಿಗೆ ಬರಲಿರುವ ತಂಗಿಗೆ, ನೀರಿನ ವಿಚಾರ

ತಂಗಿ, "ಅಕ್ಕಾ, ಅಲ್ಲಿ ವಾರಕ್ಕ ಎರಡು ದಿನ ಅಷ್ಟ ನಳ ಬರ್ತಾವಂತ. ಎರಡು ವರ್ಷದ ಕೂಸು ಕಟ್ಕೊಂಡು ಹೆಂಗ ಇರ್ಲಿ?" ಅಂತ ಸಿಂಧನೂರಿನಿಂದ ಕೇಳಿದ್ದೀ. ನಾನು ಮಾನ್ವಿ ಕಡೆಯವಳು, ನೈರೋಬಿಗೆ ಬಂದು 14 ವರ್ಷವಾಯಿತು.

ನೀರು ಹಿಡಿದಿಡುವುದನ್ನು ನಿನಗೆ ಕಲಿಸಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ಬಂದಾದ ಮೇಲೆ ಬೇಸಿಗೆ ಕಳೆಯುವ ಊರಿನವಳು ನೀನು. ಅಕ್ಕಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ಪಾಯಖಾನೆಗೆ, ಇಲ್ಲೂ ಹಾಗೇ. ನೀರು ಮಾರುವವರು ಹಳದಿ ಕ್ಯಾನುಗಳನ್ನು ಕೈಗಾಡಿಯಲ್ಲಿ ತರುತ್ತಾರೆ. ಕ್ಯಾನಿಗೆ ಇಲ್ಲಿ 'ಮ್ತುಂಗಿ' ಅನ್ನುತ್ತಾರೆ, ನೀರಿಗೆ 'ಮಾಜಿ'. 20 ಲೀಟರಿನ ಕ್ಯಾನು ಅಂದರೆ 20 ಕಿಲೋ ಭಾರ. ಕೂಸು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತಿಸಬೇಡ, ಬಾಗಿಲತನಕ ತಂದಿಡಲು ಹೇಳು.

ಮನೆ ನೋಡುವಾಗ ಬಾಡಿಗೆಗಿಂತ ಮೊದಲು ಟ್ಯಾಂಕು ಎಷ್ಟು ದೊಡ್ಡದು ಅಂತ ಕೇಳು. ಕರೆಂಟು ಹೋದರೆ ಪಂಪು ನಡೆಯುತ್ತದೆಯೇ ಅಂತ ಕೇಳು. ಟ್ಯಾಂಕಿಗೆ ಬೀಳುವುದು ನಗರದ ನೀರೋ ಬೋರಿನ ನೀರೋ ಅಂತಲೂ ಕೇಳು. ಈ ಕೊನೆಯದನ್ನು ನಾನು ಕೇಳಲಿಲ್ಲ.

ನಗರದ ನಳಕ್ಕೆ ಬರುವುದು ಹೆಚ್ಚಾಗಿ ಅಬರ್ಡೇರ್ ಬೆಟ್ಟದ ಹೊಳೆಗಳ ನೀರು, ಥಿಕಾ ಡ್ಯಾಮಿನಲ್ಲಿ ನಿಂತು ಬರುತ್ತದೆ. ನಳ ಬಾರದ ದಿನ ತರಿಸುವ ಟ್ಯಾಂಕರ್ ನೀರು ಬಹಳ ಸಲ ಬೋರಿನದು. ಇಲ್ಲಿಯ ನೆಲ ಜ್ವಾಲಾಮುಖಿಯ ಕಲ್ಲಿನದು, ಬೋರುಗಳಲ್ಲಿ ಫ್ಲೋರೈಡ್ ಜಾಸ್ತಿ, ಕಲ್ಲಿನಿಂದ ನೀರಿಗೆ ಇಳಿದು ಹೆಚ್ಚಾದರೆ ಹಲ್ಲು ಕೆಡಿಸುವಂಥದ್ದು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಇಲ್ಲಿನ ಎಷ್ಟೋ ಬೋರುಗಳು ಅದನ್ನು ದಾಟಿವೆ. ನೀರು ತಿಳಿಯಾಗಿರುತ್ತದೆ, ನೋಡಿದರೆ ಗೊತ್ತೇ ಆಗುವುದಿಲ್ಲ.

ಊರ ಬೋರಿನ ನೀರಿಗೆ ನಮ್ಮಣ್ಣನ ಹಲ್ಲಿನ ಮೇಲೆ ಕಂದು ಗೆರೆ ಬಿದ್ದದ್ದನ್ನು ನೋಡುತ್ತಲೇ ಬೆಳೆದವಳು ನಾನು. ಆದರೂ ಇಲ್ಲಿ ಕುದಿಸಿದರೆ ಸಾಕು ಅಂದುಕೊಂಡೆ. ಕುದಿಸಿದರೆ ರೋಗಾಣು ಸಾಯುತ್ತವೆ, ಫ್ಲೋರೈಡ್ ಎಲ್ಲಿಗೂ ಹೋಗುವುದಿಲ್ಲ. ನೀರು ಬತ್ತಿದಷ್ಟೂ ಅದರ ಪ್ರಮಾಣ ಏರುತ್ತದೆ. ಮಗಳಿಗೆ ಮೂರು ವರ್ಷ ಅದೇ ನೀರು ಕುಡಿಸಿದೆ. ಅವಳ ಏಳನೇ ವರ್ಷಕ್ಕೆ ಹುಟ್ಟಿದ ಮುಂದಿನ ಹಲ್ಲೆರಡರಲ್ಲೂ ಬಿಳಿ ಮಚ್ಚೆ. ಹಲ್ಲು ಬಲಿಯುವ ಎಂಟು ವರ್ಷದೊಳಗೆ ಕುಡಿದದ್ದು ಹಲ್ಲಿನಲ್ಲೇ ಉಳಿಯುತ್ತದೆ ಅಂತ ಡಾಕ್ಟರಮ್ಮ ಹೇಳಿದಾಗ ಕರುಳು ಕಿವುಚಿದಂತಾಯಿತು. ನಿನ್ನ ಕೂಸಿಗಿನ್ನೂ ಎರಡೇ ವರ್ಷ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಕೂಸಿಗೆ ಕುಡಿಯಲು, ಗಂಜಿಗೆ, ಅನ್ನ ಬೇಳೆಗೆ ನಗರದ ನೀರನ್ನೇ ಬೇರೆ ಕೊಡದಲ್ಲಿ ತುಂಬಿ ಮುಚ್ಚಿಡು, ಕುದಿಸಿ ಆರಿಸಿ ಕೊಡು. ಕೆಲವು ಕಟ್ಟಡಗಳಲ್ಲಿ ಎರಡೂ ನೀರು ಒಂದೇ ಟ್ಯಾಂಕಿಗೆ ಬೀಳುತ್ತವೆ, ಅಂಥ ಕಡೆ ಆರ್‌ಒ ನೀರು ಕೊಳ್ಳುವುದೇ ಸರಿ. ಕ್ಯಾಂಡಲ್ ಫಿಲ್ಟರು ಫ್ಲೋರೈಡನ್ನು ತಡೆಯುವುದಿಲ್ಲ. ಮಾರ್ಚ್‌ನಿಂದ ಮೇ, ಮತ್ತೆ ಅಕ್ಟೋಬರ್‌ನಿಂದ ಡಿಸೆಂಬರ್, ಇಲ್ಲಿ ಎರಡು ಮಳೆಗಾಲ. ಮಾಳಿಗೆಯ ನೀರು ಹಿಡಿಯಲು ಜಾಗವಿದ್ದರೆ ಮೊದಲ ಮಳೆ ಬಿಟ್ಟು ಆಮೇಲಿನದನ್ನು ಹಿಡಿ, ಅದನ್ನೂ ಕುದಿಸು. ಸ್ನಾನಕ್ಕೆ, ಪಾತ್ರೆಗೆ ಟ್ಯಾಂಕರ್ ನೀರಾದರೂ ನಡೆಯುತ್ತದೆ.

ಬರುವಾಗ ಕೊಡದಲ್ಲಿ ಕೈ ಅದ್ದದಂತೆ ಉದ್ದ ಹಿಡಿಕೆಯ ಸೌಟೊಂದು ತಾ. ಮುಂಗಡ ಕೊಡುವ ಮುಂಚೆ ನಿನ್ನ ಯಜಮಾನರಿಂದ ಮನೆಯ ವಿಳಾಸ ಕಳಿಸು. ನಾನೇ ಹೋಗಿ ಬಾಟಲಿಯಲ್ಲಿ ನೀರು ತುಂಬಿಕೊಂಡು ಪರೀಕ್ಷೆಗೆ ಕೊಟ್ಟು ಬರುತ್ತೇನೆ.